ತವರದ ಪಿನ್ನು

ಅಕ್ಟೋಬರ್ 9, ಬುಧವಾರ. ಸಂಜೆ

ಮತ್ತೆ ಅದೇ ಕೋಡ್. ಪಿ-2135. ಬೇಸಿಗೆ ಮುಗಿದ ಮೇಲೆ ಇದು ಮೂರನೆಯ ಕಾರು, ಮೂರೂ ಒಂದೇ ಮಾದರಿ. ಇವತ್ತಿನದು ಫ್ರಾವ್ ಶ್ಟೈಮ್ಲೆಯ ಬಿಳಿ ಕಾರು. ಸ್ಕ್ಯಾನರ್ ಹಾಕಿದೆ, ಕೋಡ್ ಬಂತು. ಥ್ರಾಟಲ್ ಬಾಡಿಯ ಕನೆಕ್ಟರ್ ಬಿಚ್ಚಿ ವೋಲ್ಟೇಜ್ ನೋಡಿದೆ. ಸರಿ. ವೈರಿಂಗ್ ಸರಿ. ತಿರುಗಿ ಜೋಡಿಸಿ ಓಡಿಸಿದರೆ ಏನೂ ಇಲ್ಲ. ಫೊಯರ್‌ಬಾಕ್‌ನಿಂದ ಗೆರ್ಲಿಂಗೆನ್ ತನಕ ಹೋಗಿ ಬಂದೆ. ಒಂದು ಸಲವೂ ಮುಗ್ಗರಿಸಲಿಲ್ಲ. ಸಿಟ್ಟು ಬಂತು. ರೋಗಿ ಡಾಕ್ಟರ ಮುಂದೆ ಮಾತ್ರ ಕೆಮ್ಮುವುದಿಲ್ಲ—ಹಾಗೆ.

ಫ್ರಾವ್ ಶ್ಟೈಮ್ಲೆ, ಅಂದರೆ ಶ್ರೀಮತಿ ಶ್ಟೈಮ್ಲೆ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ವಯಸ್ಸು ಐವತ್ತೆಂಟು. ದಿನಕ್ಕೆ ಹದಿನಾಲ್ಕು ಮನೆ. ವರ್ಕ್‌ಶಾಪಿಗೆ ಬಂದು ನೇರವಾಗಿ ನನ್ನನ್ನೇ ಕೇಳುವ ಗಿರಾಕಿ ಇವರೊಬ್ಬರೇ. ಉಳಿದವರು ಗ್ರೀಸ್ ಹತ್ತಿದ ನನ್ನ ಕೈ ನೋಡಿದ ಮೇಲೂ ಮೆಕ್ಯಾನಿಕ್ ಎಲ್ಲಿ ಅನ್ನುತ್ತಾರೆ. ಜರ್ಮನಿಯ ಈ ವರ್ಕ್‌ಶಾಪಿಗೆ ಸೇರಿ ನಾಲ್ಕು ವರ್ಷವಾಯಿತು.

ಏನಾಗಿದೆ ಎಂದು ಕೇಳಿದರು. ಗದಗಿನ ಪಾಲಿಟೆಕ್ನಿಕ್‌ನಲ್ಲಿ ಸೆಕೆಂಡ್ ಇಯರ್‌ಗೆ ಹೇಳುತ್ತಿದ್ದಂತೆ ಹೇಳಿದೆ. ಈಗಿನ ಕಾರಿನಲ್ಲಿ ಆಕ್ಸಿಲರೇಟರ್ ತುಳಿದರೆ ಕೇಬಲ್ ಎಳೆಯುವುದಿಲ್ಲ. ಒಂದು ಸಣ್ಣ ಮೋಟರ್ ಗಾಳಿಯ ಬಾಗಿಲು ತೆರೆಯುತ್ತದೆ. ಅದೇ ಥ್ರಾಟಲ್. ಎಷ್ಟು ತೆರೆಯಿತು ಎಂದು ಹೇಳಲು ಎರಡು ಸೆನ್ಸರ್. ಎರಡರ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಹೆದರಿ ಎಂಜಿನ್ ಶಕ್ತಿ ಕಡಿದುಬಿಡುತ್ತದೆ. ಆಮೇಲೆ ಎಷ್ಟು ತುಳಿದರೂ ಕಾರು ತೆವಳುತ್ತದೆ ಅಷ್ಟೆ.

ಹೌದು, ಹಾಗೆಯೇ ಆಯಿತು, ನನ್ನ ರೋಗಿ ಬಾಖ್ ಅಜ್ಜನ ಮನೆಯ ಏರಿನಲ್ಲಿ, ಎಂದರು.

ಅಕ್ಟೋಬರ್ 10, ಗುರುವಾರ

ಊಟಕ್ಕೆ ಕೂತಾಗ ಇವರನ್ನು ಕೇಳಿದೆ. ಮನೆಯಲ್ಲೇ ತಜ್ಞರಿರುವಾಗ ಹೊರಗೆ ಯಾಕೆ ಹುಡುಕಬೇಕು. ಸುನಿಲ ಹೈಲ್‌ಬ್ರೋನ್ ಕಡೆ ಕ್ವಾಲಿಟಿ ಎಂಜಿನಿಯರ್. ಅವರ ಕಂಪನಿಯೇ ಈ ಥ್ರಾಟಲ್ ಬಾಡಿ ಮಾಡಿ ಕಾರಿನವರಿಗೆ ಕೊಡುವುದು.

ಯಾವ ವರ್ಷದ ಕಾರು ಎಂದು ಕೇಳಿದರು. ಇಪ್ಪತ್ತೆರಡರದು ಅಂದೆ. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ತಿಂದರು. ಆಮೇಲೆ ಹೇಳಿದರು.

"ಥ್ರಾಟಲ್ ಬಾಡಿ ಹೊಸಾದು ಹಾಕು. ಮುಗೀತು."

ಸೆನ್ಸರ್ ಅದರೊಳಗೇ ಇರುವುದರಿಂದ ಪೂರ್ತಿ ಬಾಡಿಯನ್ನೇ ಬದಲಿಸಬೇಕು, ಅದೂ ಗೊತ್ತು. ಆದರೆ ಅಳೆದಾಗ ಎಲ್ಲ ಸರಿಯಿತ್ತಲ್ಲ ಅಂದೆ. ಊಟದ ಮೇಜಿಗೆ ವರ್ಕ್‌ಶಾಪ್ ತರಬೇಡ ಅಂದರು. ಮಗಳು ಭೂಮಿಕಾ ಫೋನಿನಿಂದ ತಲೆ ಎತ್ತದೆ "ಡಾಂಕೆ, ಪಾಪಾ" ಎಂದು ಥ್ಯಾಂಕ್ಸ್ ಹೇಳಿದಳು.

ಅಕ್ಟೋಬರ್ 14, ಸೋಮವಾರ

ಹೊಸ ಬಾಡಿ ಹಾಕಿದೆ. ಕಂಪ್ಯೂಟರಿಗೆ ಹೊಸ ಬಾಡಿಯ ಅಳತೆ ಕಲಿಸುವ ಅಡಾಪ್ಟೇಷನ್ ಮಾಡಿಸಿದೆ, ಇಪ್ಪತ್ತು ಕಿಲೋಮೀಟರ್ ಓಡಿಸಿದೆ, ಜಾಬ್ ಕಾರ್ಡಿಗೆ ಸಹಿ ಹಾಕಿದೆ. ಬಿ. ಹಾಲಸಿದ್ದಪ್ಪ. ಓನರ್ ಐಸೆಲೆ ನನ್ನ ಹೆಸರು ಹೇಳಲು ಇನ್ನೂ ಒದ್ದಾಡುತ್ತಾರೆ. ಸಹಿ ಮಾತ್ರ ಗುರುತು ಹಿಡಿಯುತ್ತಾರೆ.

ಫ್ರಾವ್ ಶ್ಟೈಮ್ಲೆ ಕೀ ತೆಗೆದುಕೊಂಡು ಕೇಳಿದರು, ಆಟೋಬಾನ್ ಹೆದ್ದಾರಿಯ ಮೇಲೆ ಹೋಗಬಹುದಾ ಎಂದು. ಲೆಯೋನ್‌ಬೆರ್ಗ್ ಆಚೆ ಇಬ್ಬರು ಹೊಸ ರೋಗಿಗಳಂತೆ. ಧೈರ್ಯವಾಗಿ ಹೋಗಿ ಅಂದೆ.

ಡಿಸೆಂಬರ್ 3, ಮಂಗಳವಾರ. ಸಂಜೆ 5

ಏಳು ವಾರದ ನಂತರ ಈ ಪುಸ್ತಕ ಕೈಗೆ ಬಂದಿದೆ.

ಬೆಳಿಗ್ಗೆ ಯಶವಂತ್ ಎಂಬಾತ ಬಂದ. ಮೈಸೂರಿನವ, ಸಾಫ್ಟ್‌ವೇರ್. ಯಾರೋ ಹೇಳಿದರಂತೆ, ಫೊಯರ್‌ಬಾಕ್‌ನಲ್ಲಿ ಕನ್ನಡದ ಮೆಕ್ಯಾನಿಕ್ ಮೇಡಂ ಇದ್ದಾರೆ ಎಂದು. ಅದೇ ಮಾದರಿ, ಅದೇ ವರ್ಷ, ಅದೇ ಕೋಡ್. ಎರಡು ಕಡೆ ತೋರಿಸಿದನಂತೆ, ಎರಡು ಕಡೆಯೂ ಏನೂ ಇಲ್ಲ ಅಂದರಂತೆ. "ನಾನೇ ಸುಳ್ಳು ಹೇಳ್ತಿದೀನಿ ಅನ್ನೋ ಥರ ನೋಡ್ತಾರೆ ಮೇಡಂ" ಅಂದ.

ಈ ಸಲ ಕನೆಕ್ಟರ್ ಬಿಚ್ಚಲಿಲ್ಲ. ಯಾಕೆ ಹೊಳೆಯಿತೋ. ವೈರಿನ ಹಿಂಬದಿಯಿಂದ ಸೂಜಿಯಂಥ ಪ್ರೋಬ್ ತೂರಿಸಿ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಚ್ಚಿದೆ. ಎಂಜಿನ್ ಬಿಸಿಯಾಗಲು ಬಿಟ್ಟು ಕಾದೆ. ಹದಿನೆಂಟು ನಿಮಿಷ. ಆಮೇಲೆ ಬಂತು. ಮೊದಲ ಸೆನ್ಸರ್‌ನ ಗೆರೆ ನೆಟ್ಟಗೆ ಹೋಗುತ್ತಿದೆ, ಎರಡನೆಯದು ದಿಢೀರನೆ ಕುಸಿದು ಎದ್ದಿತು. ಮತ್ತೊಮ್ಮೆ. ಮತ್ತೆ. ಫೈಲ್ ಸೇವ್ ಮಾಡಿದೆ.

ಆಮೇಲೆ ಬಿಚ್ಚಿದೆ. ಮಂಕು ಬಿಳಿ ಪಿನ್ನುಗಳ ಮೇಲೆ ಕಾಡಿಗೆಯಂಥ ಕಪ್ಪು ಪುಡಿ. ಫೋಟೋ ತೆಗೆದೆ. ಏನೂ ಒರೆಸದೆ ಹಾಗೇ ತಿರುಗಿ ಜೋಡಿಸಿದೆ. ಗೆರೆ ನೆಟ್ಟಗಾಯಿತು. ಒಂದು ಗಂಟೆ ಓಡಿಸಿದರೂ ನೆಟ್ಟಗೇ ಇತ್ತು. ಕೋಡ್ ಅಳಿಸಿ ಕಾರು ಕೊಟ್ಟೆ.

ಅಂದರೆ ಸೆನ್ಸರ್ ಕೆಟ್ಟೇ ಇಲ್ಲ. ಪಿನ್ನು. ಎಂಜಿನ್ ನಡುಗಿ ನಡುಗಿ ಪಿನ್ನಿನ ಲೇಪ ಸವೆಯುತ್ತದೆ, ಪುಡಿ ಕೂರುತ್ತದೆ, ಸಿಗ್ನಲ್ ಕಡಿಯುತ್ತದೆ. ಬಿಚ್ಚಿ ಹಾಕಿದ ಕೂಡಲೇ ಆ ಉಜ್ಜಾಟಕ್ಕೆ ಪುಡಿ ಸರಿದು ಎಲ್ಲ ಸರಿಹೋಗುತ್ತದೆ. ಕೆಲವು ವಾರ. ನಾವು ಪರೀಕ್ಷೆ ಮಾಡಲು ಹೋಗಿ ಪ್ರತಿ ಸಲ ರೋಗದ ಗುರುತನ್ನೇ ಅಳಿಸುತ್ತಿದ್ದೆವು.

ಒಂದು ನಿಮಿಷ ಹೆಮ್ಮೆ ಆಯಿತು. ಸುಳ್ಳೇಕೆ ಹೇಳಲಿ.

ಆಮೇಲೆ ಫ್ರಾವ್ ಶ್ಟೈಮ್ಲೆ ನೆನಪಾದರು. ಶೆಲ್ಫಿನಲ್ಲಿದ್ದ ಹೊಸ ಥ್ರಾಟಲ್ ಬಾಡಿ ಒಂದನ್ನು ತೆಗೆದು ನೋಡಿದೆ. ಅದೇ ಮಂಕು ಬಿಳಿ ಪಿನ್ನು. ನಾನು ಹಾಕಿ ಕಳಿಸಿದ್ದೂ ಇದೇ.

ಫೋನ್ ಮಾಡಿದೆ. ಎತ್ತಲಿಲ್ಲ. ರೋಗಿಗಳ ಮನೆಯಲ್ಲಿದ್ದಾಗ ಎತ್ತುವುದಿಲ್ಲ. ಮೆಸೇಜ್ ಬಿಡಬೇಕು. ಐಸೆಲೆ ಪಕ್ಕದಲ್ಲೇ ನಿಂತಿದ್ದರು. ಗಿರಾಕಿಗಳನ್ನು ಹೆದರಿಸಬೇಡ, ಖಾತ್ರಿ ಇಲ್ಲದೆ ಏನೂ ಹೇಳಬೇಡ, ಸುಮ್ಮನೆ ಒಂದು ಸಲ ತಂದು ತೋರಿಸಲಿ ಅಂದರು. ಹಾಗೇ ಹೇಳಿದೆ. ಈ ವಾರ ಒಮ್ಮೆ ಕಾರು ತನ್ನಿ. ಅರ್ಜೆಂಟ್ ಇಲ್ಲ. ನಿಷ್ಟ್ ಡ್ರಿಂಗೆಂಡ್.

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ಒಮ್ಮೆ ಮಾಡಿದೆ, ಮಧ್ಯಾಹ್ನ ಒಮ್ಮೆ. ಇಲ್ಲ.

ಸಂಜೆ ಇವರಿಗೆ ಪಿನ್ನಿನ ಫೋಟೋ ತೋರಿಸಿದೆ. ಫೋನ್ ಕೈಗೆ ತಗೊಂಡು ದೊಡ್ಡದು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು. ಎಲ್ಲಾ ಹಳೆಯ ಕನೆಕ್ಟರ್ ಹೀಗೇ ಇರುತ್ತವೆ ಅಂದು ವಾಪಸು ಕೊಟ್ಟರು. ಎರಡೇ ವರ್ಷ ಹಳೆಯದು ಅಂದೆ. ಸ್ನಾನಕ್ಕೆ ಹೋದರು.

ಡಿಸೆಂಬರ್ 5, ಗುರುವಾರ

ನರ್ಸಿಂಗ್ ಸರ್ವಿಸ್‌ನಿಂದ ವರ್ಕ್‌ಶಾಪಿಗೆ ಫೋನ್. ಮುಂಜಾನೆ ಏಳೂವರೆ. ಎಂಗೆಲ್‌ಬೆರ್ಗ್ ಸುರಂಗ. ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ಹಿಂದೆ ಲಾರಿ.

ಬದುಕಿದ್ದಾರೆ.

ಮುಂದೆ ಬರೆಯಲಾರೆ.

ಡಿಸೆಂಬರ್ 14, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಸೊಂಟದ ಮೂಳೆ ಎರಡು ಕಡೆ, ಎಡಗಾಲು ಮೂರು ಕಡೆ. ಮೂರನೆಯ ಆಪರೇಷನ್ ಮುಂದಿನ ವಾರ.

ಏನು ಒಯ್ಯಬೇಕು ಗೊತ್ತಾಗದೆ ಹೂ ಒಯ್ದೆ. ಇಡಲು ಜಾಗ ಇರಲಿಲ್ಲ. ಅವರ ಹದಿನಾಲ್ಕು ಮನೆಯವರೂ ಹೂ ಕಳಿಸಿದ್ದರು.

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ನೆಲದ ಕಡೆ ನೋಡುತ್ತ ಮೆಲ್ಲಗೆ ಹೇಳಿದರು:

"ಬುಧವಾರ ಸಂಜೆ ನಿಮ್ಮ ಮೆಸೇಜ್ ಕೇಳಿದೆ. ಅರ್ಜೆಂಟ್ ಇಲ್ಲ ಅಂದಿದ್ದಿರಿ. ಅದಕ್ಕೆ ಶುಕ್ರವಾರ ತರೋಣ ಅಂದುಕೊಂಡೆ."

ಆಮೇಲೆ ಕೇಳಿದರು, ನಿಮಗೆ ಮೊದಲೇ ಗೊತ್ತಿತ್ತಾ ಎಂದು. ಮಂಗಳವಾರ ಗೊತ್ತಾಯಿತು ಅಂದೆ. ಮಂಗಳವಾರವೇ ಫೋನ್ ಮಾಡಿದೆ ಅಂದೆ. ತಲೆ ಆಡಿಸಿದರು. ನರ್ಸ್ ಬಂದಳು, ಎದ್ದು ಬಂದೆ.

ಲೋಕಲ್ ರೈಲು ಎಸ್-ಬಾನ್‌ನಲ್ಲಿ ಕೂತು ಆ ಎರಡು ಪದಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೇಳಿಸಿದ್ದು ಐಸೆಲೆ. ಬಾಯಿ ನನ್ನದು.

ಡಿಸೆಂಬರ್ 20, ಶುಕ್ರವಾರ

ವಿಮೆಯವರು ಗುಟಾಖ್ಟರ್ ಕಳಿಸುತ್ತಾರಂತೆ—ತಪ್ಪು ಯಾರದು ಎಂದು ಬರೆದುಕೊಡುವ ತಜ್ಞ. ಐಸೆಲೆ ಎರಡು ದಿನದಿಂದ ನನ್ನ ಮುಖ ನೋಡುತ್ತಿಲ್ಲ. ಜಾಬ್ ಕಾರ್ಡಿನ ನಕಲು ತೆಗೆದು ಫೈಲಿಗೆ ಹಾಕಿದರು. ನನ್ನ ಸಹಿ ಮೇಲೆ ಬರುವ ಹಾಗೆ.

ಗುಜರಿ ಯಾರ್ಡಿಗೆ ಹೋಗಿ ಕಾರು ನೋಡಿ ಬಂದೆ. ಹಿಂಭಾಗ ಸೀಟಿನ ತನಕ ಒಳಗೆ ಬಂದಿದೆ. ಮುಂಭಾಗಕ್ಕೆ ಏನೂ ಆಗಿಲ್ಲ. ಬಾನೆಟ್ ಎತ್ತಿದೆ. ಯಾರೋ ಪುಣ್ಯಾತ್ಮರು ಥ್ರಾಟಲ್ ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದ್ದಾರೆ. ಕ್ಲಿಪ್ ಅರ್ಧ ಕೂತಿದೆ. ಪೊಲೀಸರೋ, ಯಾರ್ಡಿನವರೋ. ಇನ್ನು ಅಳೆದರೆ ಎಲ್ಲ ಸರಿ ಎಂದೇ ಬರುತ್ತದೆ. ಮೇಲಿಂದ ಅರ್ಧ ಕೂತ ಕ್ಲಿಪ್. ಮೆಕ್ಯಾನಿಕ್ ಸರಿಯಾಗಿ ಜೋಡಿಸಿರಲಿಲ್ಲ ಎಂದು ಬರೆಯಲು ಇನ್ನೇನು ಬೇಕು.

ಡಿಸೆಂಬರ್ 29, ಭಾನುವಾರ

ಇವತ್ತಿನದು ಪೂರ್ತಿ ಬರೆಯಬೇಕು. ಒಂದು ಮಾತೂ ಬಿಡದೆ.

ಮಧ್ಯಾಹ್ನ ದಿಲೀಪ್ ಮನೆಗೆ ಊಟಕ್ಕೆ ಹೋಗಿದ್ದೆವು. ದಿಲೀಪ್ ಸುನಿಲನ ಜೊತೆ ಕೆಲಸ ಮಾಡುವವ, ಬೈಲಹೊಂಗಲದವ, ನನ್ನನ್ನು ವೈನಿ ಅನ್ನುತ್ತಾನೆ. ಊಟವಾದ ಮೇಲೆ ಸುನಿಲ ಮಕ್ಕಳ ಜೊತೆ ಬಾಲ್ಕನಿಯಲ್ಲಿದ್ದ. ನಾನು ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತ ಆ್ಯಕ್ಸಿಡೆಂಟಿನ ಕತೆ ಹೇಳಿದೆ, ಕಪ್ಪು ಪುಡಿಯ ಕತೆ ಹೇಳಿದೆ. ದಿಲೀಪ್ ನನ್ನನ್ನೇ ನೋಡಿದ.

"ವೈನಿ, ಸುನಿಲಣ್ಣ ನಿಮಗ ಹೇಳಿಲ್ಲೇನು? ಅದು ತವರದ ಪಿನ್ನಿಂದು. ಒಂದು ವರ್ಷ ಆತು, ನಮ್ಮ ತಲಿ ತಿಂದೈತಿ."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು, ಹೇಳಬಾರದಿತ್ತೆಂದು. ಪಾತ್ರೆ ಕೈಯಿಂದ ತೆಗೆದುಕೊಂಡು ಅದನ್ನೇ ಒರೆಸತೊಡಗಿದ. ಅಷ್ಟು ಸಾಕಾಗಿತ್ತು.

ಮನೆಗೆ ಬಂದೆವು. ಭೂಮಿಕಾ ಗೆಳತಿಯ ಮನೆಗೆ ಹೋದಳು. ಕೋಟು ತೆಗೆಯುವ ಮೊದಲೇ ಕೇಳಿದೆ.

"ಅಕ್ಟೋಬರ್‌ದಾಗ ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?"

ಯಾವುದು ಎಂದು ಕೇಳಲಿಲ್ಲ. ಅದಕ್ಕಾದರೂ ಮೆಚ್ಚಬೇಕು.

"ಗೊತ್ತಿತ್ತು."

"ಮತ್ತ ಹೊಸಾ ಬಾಡಿ ಹಾಕು ಅಂದ್ರಿ."

"ಕಂಪನಿ ಉತ್ತರ ಅದ. ಯಾರ ಕೇಳಿದ್ರೂ ಅಷ್ಟ ಹೇಳಬೇಕು."

"ನಾ ಯಾರೋ ಅಲ್ಲಲಾ."

ಸೋಫಾದ ಮೇಲೆ ಕೂತ. ಆಮೇಲೆ ಎಲ್ಲ ಹೇಳಿದ. ಅಳುಕದೆ, ಮೀಟಿಂಗಿನಲ್ಲಿ ಹೇಳುವ ಹಾಗೆ. ಇಪ್ಪತ್ತೆರಡರಲ್ಲಿ ಬಂಗಾರದ ಲೇಪದ ಪಿನ್ನು ನಾಲ್ಕು ತಿಂಗಳು ಸಿಗಲಿಲ್ಲ. ಲೈನ್ ನಿಲ್ಲಿಸುವಂತಿಲ್ಲ. ತವರದ ಲೇಪದ್ದು ಹಾಕಲು ಒಪ್ಪಿಗೆ ಪತ್ರ ತಯಾರಾಯಿತು, ನಾಲ್ಕು ಜನರ ಸಹಿ, ಅದರಲ್ಲಿ ಒಂದು ಇವನದು. ಕಾರುಗಳಿಗೆ ಹಾಕಿ ಉಳಿದ ಮಾಲನ್ನು ಸ್ಪೇರ್ ಪಾರ್ಟ್ ಮಾಡಿ ಮಾರುಕಟ್ಟೆಗೆ ಬಿಟ್ಟರು. ಹೋದ ವರ್ಷದಿಂದ ದೂರು ಬರುತ್ತಿವೆ. ಹೊರಗೆ ಮಾತಾಡಬಾರದು ಎಂದು ಬರೆಸಿಕೊಂಡಿದ್ದಾರೆ. ಕಾರುಗಳನ್ನೆಲ್ಲ ವಾಪಸು ಕರೆಸಿ ರೀಕಾಲ್ ಮಾಡಬೇಕೋ ಬೇಡವೋ ಎಂದು ಇನ್ನೂ ಲೆಕ್ಕ ನಡೆದಿದೆ.

ನಾನು ಹಾಕುವ ಸ್ಪೇರ್ ಪಾರ್ಟ್ ಕೂಡ ಅದೇ ಮಾಲೆಂದು ಗೊತ್ತಿತ್ತೇ ಎಂದು ಕೇಳಿದೆ.

"ಅಂದಾಜಿತ್ತು. ಐದಾರು ತಿಂಗಳು ಬಾಳಿಕೆ ಬರ್ತಿತ್ತು. ಅಷ್ಟರಾಗ ರೀಕಾಲ್ ಆಗಬಹುದು ಅಂದ್ಕೊಂಡೆ."

"ನಂಗೊಂದು ಮಾತು ಹೇಳಿದ್ರ ಆಗ್ತಿರಲಿಲ್ಲೇನು?"

"ಹೇಳಿದ್ರ ನೀ ಸುಮ್ಮ ಇರ್ತಿದ್ದೇನು?"

"ಇರ್ತಿರಲಿಲ್ಲ."

"ಅದಕ್ಕ ಹೇಳಲಿಲ್ಲ."

ಹದಿನಾರು ವರ್ಷ ಸಂಸಾರ ಮಾಡಿದ್ದೇನೆ. ನನ್ನನ್ನು ಸರಿಯಾಗಿ ಅರಿತಿದ್ದಾನೆ. ಅರಿತೇ ಹೀಗೆ ಮಾಡಿದ್ದಾನೆ.

ಮೇಲೆ ಬರೆದದ್ದನ್ನು ಓದಿದೆ. ಊಟಕ್ಕೆ ಹೋಗುವಾಗ ಇದ್ದ ಬಹುವಚನ ಬರೆಯುವಾಗ ಹೋಗಿದೆ. ತಿದ್ದುವುದಿಲ್ಲ.

ಜನವರಿ 7, ಮಂಗಳವಾರ

ಒಂದೇ ಮನೆಯಲ್ಲಿ ಇದ್ದೇವೆ. ಉಪ್ಪು ಕೊಡು, ಕಸದ ಡಬ್ಬಿ ಹೊರಗಿಡು, ಭೂಮಿಕಾಗೆ ಅವಳ ಹೈಸ್ಕೂಲು ಜಿಮ್ನಾಸಿಯುಮ್‌ನಿಂದ ಪತ್ರ ಬಂದಿದೆ. ಇಷ್ಟೇ ಮಾತು.

ಯಶವಂತ್‌ಗೆ ಫೋನ್ ಮಾಡಿದೆ. ಎಂಜಿನ್ ಎಚ್ಚರಿಕೆಯ ದೀಪ ಮತ್ತೆ ಹತ್ತಿದರೆ ಯಾರಿಗೂ ಮುಟ್ಟಲು ಬಿಡದೆ ನನ್ನ ಹತ್ತಿರ ತಾ, ಗುಟಾಖ್ಟರ್ ಮುಂದೆಯೇ ಅಳೆದು ತೋರಿಸುತ್ತೇನೆ ಎಂದು ಹೇಳಬೇಕಿತ್ತು. ಅವನು ಕ್ರಿಸ್‌ಮಸ್‌ಗೆ ಮೊದಲೇ ಕಾರು ಮಾರಿಬಿಟ್ಟಿದ್ದಾನೆ. ಕೊಂಡವರಿಗೆ ದೋಷದ ವಿಷಯ ಹೇಳಿದೆಯಾ ಎಂದೆ. "ಕೋಡ್ ಇರ್ಲಿಲ್ಲವಲ್ಲ ಮೇಡಂ, ನೀವೇ ಕ್ಲಿಯರ್ ಮಾಡಿದ್ರಲ್ಲ" ಅಂದ.

ನನ್ನ ಹತ್ತಿರ ಉಳಿದಿರುವುದು ಸ್ಕೋಪ್ ಫೈಲ್, ಒಂದು ಫೋಟೋ.

ಜನವರಿ 13, ಸೋಮವಾರ

ಗುಟಾಖ್ಟರ್ ಬಂದಿದ್ದರು. ಬಿಳಿ ಮೀಸೆಯ, ಸಾವಕಾಶದ ಮನುಷ್ಯ. ಫೈಲ್ ತೋರಿಸಿದೆ. ಗೆರೆ ಕುಸಿಯುವುದನ್ನು ನಾಲ್ಕು ಸಲ ಓಡಿಸಿ ನೋಡಿದರು. ಒಳ್ಳೆಯ ಕೆಲಸ ಅಂದರು. ಹನ್ನೆರಡು ವರ್ಷ ಕಲಿಸಿದ್ದು, ಮೂರು ವರ್ಷ ಇಲ್ಲಿ ಮತ್ತೆ ಕಲಿತದ್ದು—ಅಷ್ಟಕ್ಕೂ ಸೇರಿ ಮೊದಲ ಸಲ ಈ ಮಾತು ಕೇಳಿದೆ, ಅದೂ ಎಂಥ ದಿನ.

ಆದರೆ ಇದು ಬೇರೆ ಕಾರು ಅಂದರು. ಆ ಕಾರಿನಲ್ಲಿ ಇದೇ ದೋಷವಿತ್ತು ಎನ್ನಲು ಇದು ಸಾಲದು. ಆಮೇಲೆ ಕೇಳಿದರು. ಅಕ್ಟೋಬರ್‌ನಲ್ಲಿ ನೀವು ಅಳೆದಾಗ ಎಲ್ಲ ಸರಿಯಿತ್ತು ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಥ್ರಾಟಲ್ ಬಾಡಿ ಬದಲಿಸಲು ಯಾವ ಆಧಾರ?

ಬಾಯಿ ತೆರೆದೆ. ಐಸೆಲೆ ಬಾಗಿಲಲ್ಲಿ ನಿಂತಿದ್ದರು. ಮುಚ್ಚಿದೆ.

ಮುಂದಿನ ಮಂಗಳವಾರ ಆಫೀಸಿಗೆ ಬಂದು ಬರವಣಿಗೆಯಲ್ಲಿ ಕೊಡಿ ಅಂದರು.

ಜನವರಿ 18, ಶನಿವಾರ

ನೀವೇ ಹೋಗಿ ಹೇಳಿ ಎಂದು ಸುನಿಲನಿಗೆ ಅಂದೆ. ಆ ಒಪ್ಪಿಗೆ ಪತ್ರದ ನಂಬರ್ ಒಂದು ಕೊಟ್ಟರೆ ಸಾಕು, ಕೇಳಿ ತರಿಸಿಕೊಳ್ಳುತ್ತಾರೆ. ಆಗುವುದಿಲ್ಲ ಅಂದ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ತಗೊಳ್ಳುತ್ತಾರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಹಾಗಾದರೆ ತಪ್ಪು ನನ್ನ ಮೇಲೆ ಬರುತ್ತದೆ ಅಂದೆ.

"ಬರಲಿ. ಐಸೆಲೆಯವರ ಇನ್ಶೂರೆನ್ಸ್ ನೋಡ್ಕೊಳ್ತದ. ಭಾಳ ಅಂದ್ರ ನಿನ್ನ ಕೆಲಸ ಹೋಗಬಹುದು. ನಾ ಅದೀನಲ್ಲ. ನಿಂದು ಹಂಗೂ ಏನು, ಎಣ್ಣಿ ಬದಲಿ ಮಾಡೂ ಕೆಲಸ."

ಸಿಟ್ಟಿನಲ್ಲಿ ಆಡಿದ ಮಾತಲ್ಲ. ಸಮಾಧಾನ ಮಾಡಲೆಂದು ಆಡಿದ. ಸಿಟ್ಟಿನಲ್ಲಿ ಆಡಿದ್ದರೆ ಮರೆಯಬಹುದಿತ್ತು.

ಇವನ ಬೆನ್ನಿಗೆ ಬಂದು ಇಲ್ಲಿ ಇಳಿದಾಗ ನನ್ನ ಡಿಗ್ರಿ ನಡೆಯುವುದಿಲ್ಲ ಅಂದರು. ಮೂವತ್ತಾರು ವರ್ಷದವಳು ಹದಿನೇಳರ ಹುಡುಗರ ಪಕ್ಕ ಬೆಂಚಿನ ಮೇಲೆ ಕೂತು ಮತ್ತೆ ಸ್ಪ್ಯಾನರ್ ಹಿಡಿಯುವುದನ್ನು ಕಲಿತೆ. ಪಾಸಾದ ದಿನ ಇವನೇ ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದ್ದ. ಎಣ್ಣೆ ಬದಲಿಸುವ ಕೆಲಸ ಎಂದು ಆಗ ಯಾರಿಗೂ ಹೇಳಿರಲಿಲ್ಲ.

ಜನವರಿ 20, ಸೋಮವಾರ. ಬೆಳಿಗ್ಗೆ 6

ರೊಟ್ಟಿ ಬಡಿಯುವಾಗ ಬಂದು ಹಿಂದೆ ನಿಂತ. ಕಾನೂನು ಓದಿದ್ದಾನಂತೆ. ಗಂಡನ ವಿರುದ್ಧ ಹೆಂಡತಿ ಸಾಕ್ಷಿ ಹೇಳಲೇಬೇಕೆಂದಿಲ್ಲ, ಸುಮ್ಮನಿರುವ ಹಕ್ಕಿದೆ. ತ್ಸೊಯ್ಗ್‌ನಿಸ್‌ಫೆರ್‌ವೈಗರುಂಗ್ಸ್‌ರೆಷ್ಟ್. ಒಂದೇ ಉಸಿರಿನಲ್ಲಿ, ತಪ್ಪಿಲ್ಲದೆ ಹೇಳಿದ. ಒಂಬತ್ತು ವರ್ಷದಲ್ಲಿ ಬೇಕರಿಗೆ ಹೋದರೂ ಇಂಗ್ಲಿಷ್ ಮಾತಾಡುವವನು.

ರೊಟ್ಟಿ ಸೀದಿತು.

ಜನವರಿ 21, ಮಂಗಳವಾರ

ಬರೆದು ಕೊಟ್ಟೆ.

ಗುಟಾಖ್ಟರ್ ಮೊದಲೇ ಹೇಳಿದರು, ಮನೆಯವರ ವಿಷಯವಾದರೆ ಉತ್ತರಿಸಬೇಕಿಲ್ಲ ಎಂದು. ಪೆನ್ನು ಮೇಜಿನ ಮೇಲಿಟ್ಟು ಕಿಟಕಿ ಕಡೆ ತಿರುಗಿ ಕೂತರು. ಒಳ್ಳೆಯ ಮನುಷ್ಯ. ಉತ್ತರಿಸದಿದ್ದರೂ ಏನೂ ಅಂದುಕೊಳ್ಳುತ್ತಿರಲಿಲ್ಲ.

ಎಲ್ಲ ಬರೆದೆ. ಅಕ್ಟೋಬರ್ ಹತ್ತು, ಊಟದ ಹೊತ್ತು, ನನ್ನ ಗಂಡ ಸುನಿಲಕುಮಾರ ಹಾಲಸಿದ್ದಪ್ಪ ಹೇಳಿದ್ದು. ಡಿಸೆಂಬರ್ ಇಪ್ಪತ್ತೊಂಬತ್ತು, ಒಪ್ಪಿಕೊಂಡದ್ದು. ತವರದ ಪಿನ್ನು, ನಾಲ್ಕು ಸಹಿ, ಸ್ಪೇರ್ ಪಾರ್ಟ್. ದಿಲೀಪ್ ಹೆಸರು ಬರೆಯಲಿಲ್ಲ. ಫ್ರಾವ್ ಶ್ಟೈಮ್ಲೆಗೆ ಬಿಟ್ಟ ಮೆಸೇಜನ್ನೂ ಬರೆದೆ, ಅರ್ಜೆಂಟ್ ಇಲ್ಲ ಎಂದದ್ದನ್ನೂ. ಅದು ಬೇಕಾಗಿರಲಿಲ್ಲ ಅಂದರು. ಇರಲಿ ಅಂದೆ.

ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಸಂಜೆ ಇವನಿಗೆ ನಾನೇ ಹೇಳಿದೆ. ಬೇರೆಯವರಿಂದ ತಿಳಿಯಬಾರದು. "ಹೇಳ್ತಿ ಅಂತ ಗೊತ್ತಿತ್ತು" ಅಂದ. ಲ್ಯಾಪ್‌ಟಾಪ್ ತೆಗೆದುಕೊಂಡು ಭೂಮಿಕಾಳ ರೂಮಿಗೆ ಹೋಗಿ ಅವಳಿಗೆ ಗಣಿತ ಹೇಳಿಕೊಟ್ಟ.

ಮಾರ್ಚ್ 28, ಶುಕ್ರವಾರ

ಎರಡು ತಿಂಗಳು ಬರೆಯಲು ಮನಸ್ಸಾಗಲಿಲ್ಲ.

ವರದಿ ಬಂತು. ಗುಟಾಖ್ಟರ್ ಫ್ರಾವ್ ಶ್ಟೈಮ್ಲೆ ಕಾರಿನ ಪಿನ್ನುಗಳನ್ನು ಲ್ಯಾಬಿಗೆ ಕಳಿಸಿದ್ದರು, ಸೂಕ್ಷ್ಮದರ್ಶಕದ ಕೆಳಗೆ ಸವೆದ ಗೆರೆಗಳು ಸಿಕ್ಕಿವೆ. ಕಾರಣ ಪಿನ್ನಿನ ಲೇಪ. ವರ್ಕ್‌ಶಾಪಿನ ತಪ್ಪಿಲ್ಲ. ಐಸೆಲೆ ಕೈ ಕುಲುಕಿದರು. ನನ್ನ ಹೆಸರನ್ನು ಪೂರ್ತಿ ಸರಿಯಾಗಿ ಹೇಳಿದರು. ಅಭ್ಯಾಸ ಮಾಡಿಕೊಂಡು ಬಂದಿದ್ದರೇನೋ.

ರೀಕಾಲ್ ಕೂಡ ಘೋಷಣೆಯಾಯಿತು. ಈ ವಾರವೇ ಹತ್ತು ಫೋನ್. ಫ್ರಾವ್ ಶ್ಟೈಮ್ಲೆಗೆ ಪರಿಹಾರ ಕೊಡುತ್ತಾರಂತೆ.

ನಾಲ್ಕು ಸಹಿ ಇತ್ತು. ಮನೆಗೆ ಕಳಿಸಿದ್ದು ಒಬ್ಬನನ್ನೇ. ಉಳಿದ ಮೂವರಿಗೆ ಸ್ಪೇರ್ ಪಾರ್ಟಿನ ವಿಷಯ ಗೊತ್ತಿರಲಿಲ್ಲವಂತೆ, ಹಾಗೆಂದು ಬರೆದುಕೊಟ್ಟಿದ್ದಾರೆ. ಒಬ್ಬರಿಗೆ ಬಡ್ತಿಯೂ ಆಗಿದೆ. ಸುನಿಲನ ಹೆಸರು ಮಾತ್ರ ಕಾಗದದ ಮೇಲಿತ್ತು. ಆ ಕಾಗದ ನಾನು ಬರೆದದ್ದು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಆ ಮೂವರ ಹೆಂಡಂದಿರು ಊಟದ ಹೊತ್ತಿಗೆ ಏನೂ ಕೇಳಿರಲಿಕ್ಕಿಲ್ಲ.

ಫೆಬ್ರವರಿ ಕೊನೆಗೆ ಅವನು ಲುಡ್ವಿಗ್ಸ್‌ಬುರ್ಗ್‌ನಲ್ಲಿ ಒಂದು ರೂಮು ಹಿಡಿದು ಹೋದ. ಜಗಳವಾಗಲಿಲ್ಲ. ಎರಡು ಸೂಟ್‌ಕೇಸ್. ಅತ್ತೆ ಅನ್ನಪೂರ್ಣವ್ವ ಗದಗಿನಿಂದ ಫೋನ್ ಮಾಡಿ ಒಂದೇ ಮಾತು ಕೇಳಿದರು, "ಮನಿ ಮಾತು ಮನ್ಯಾಗ ಇಡಾಕ ಬರಲಿಲ್ಲೇನವ್ವಾ ನಿನಗ?" ಅಷ್ಟಕ್ಕೇ ಫೋನ್ ಇಟ್ಟರು. ದಿಲೀಪ್ ಮನೆಯವರು ಸೂಪರ್‌ಮಾರ್ಕೆಟ್‌ನಲ್ಲಿ ಕಂಡರೆ ಬೇರೆ ಸಾಲಿಗೆ ಹೋಗುತ್ತಾರೆ.

ಏಪ್ರಿಲ್ 5, ಶನಿವಾರ

ಫ್ರಾವ್ ಶ್ಟೈಮ್ಲೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ ಎಂದು ತಿಳಿದು ಹೋದೆ. ಎರಡು ಊರುಗೋಲು ಹಿಡಿದು ತಾವೇ ಬಾಗಿಲು ತೆಗೆದರು. ಕೆಲಸ ಬಿಟ್ಟರಂತೆ. ಅವಧಿಗೆ ಮುಂಚೆ ಪಿಂಚಣಿ. ಮೆಟ್ಟಿಲು ಹತ್ತಲಾಗುವುದಿಲ್ಲ, ರೋಗಿಗಳೆಲ್ಲ ಮೂರನೆಯ ಮಹಡಿಯಲ್ಲೇ ಇರುತ್ತಾರೆ ಎಂದು ನಕ್ಕರು. ಬಾಖ್ ಅಜ್ಜ ಜನವರಿಯಲ್ಲಿ ತೀರಿಕೊಂಡರಂತೆ. ಹೊಸ ನರ್ಸ್‌ಗೆ ಮನೆ ಸಿಗದೆ ಮೊದಲ ವಾರ ಇನ್ಸುಲಿನ್ ತಪ್ಪಿತ್ತಂತೆ. ಅದಕ್ಕೇ ಸತ್ತರೆಂದು ಹೇಳಲಿಲ್ಲ. ಹಾಗಲ್ಲವೆಂದೂ ಹೇಳಲಿಲ್ಲ.

ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತಾಡಿದೆವು.

"ನೀವು ಏನು ಮಾಡಿದಿರಿ ಅಂತ ವಕೀಲರು ಹೇಳಿದರು. ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುತ್ತಿದ್ದೆನೋ ಇಲ್ಲವೋ. ಆದರೆ ನಿಮ್ಮ ದನಿ ಕೇಳಿದರೆ ನನಗೆ ಆ ಮೆಸೇಜ್ ಕೇಳುತ್ತದೆ. ದಯವಿಟ್ಟು ಇನ್ನು ಬರಬೇಡಿ."

ಸರಿ ಅಂದೆ. ಬಾಗಿಲು ಮೆಲ್ಲಗೆ ಹಾಕಿದರು. ಒಂದು ಕೈಯಲ್ಲಿ ಊರುಗೋಲು ಹಿಡಿದು ಹಾಕಬೇಕಲ್ಲ, ತಡವಾಯಿತು. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದೆ.

ಏಪ್ರಿಲ್ 12, ಶನಿವಾರ

ಭೂಮಿಕಾ ನನ್ನೊಡನೆ ಜರ್ಮನ್ ಮಾತ್ರ ಆಡುತ್ತಾಳೆ. ಮೊದಲು ಬೈಯುವುದಕ್ಕಾದರೂ ಕನ್ನಡ ಬಳಸುತ್ತಿದ್ದಳು. ಇವತ್ತು ತಟ್ಟೆ ತೊಳೆಯುತ್ತ ಹೇಳಿದಳು, ದು ಹಾಸ್ಟ್ ಪಾಪಾ ಫೆರ್‌ಪ್ಫಿಫನ್. ನೀನು ಪಾಪಾನನ್ನು ಹಿಡಿದುಕೊಟ್ಟೆ ಎಂದು. ಟೀಚರ್ ಹತ್ತಿರ ಹೋಗಿ ಗೆಳೆಯರ ಮೇಲೆ ಚಾಡಿ ಹೇಳುವವರಿಗೆ ಇಲ್ಲಿಯ ಮಕ್ಕಳು ಆಡುವ ಮಾತು.

ಒಬ್ಬ ಹೆಂಗಸಿನ ಕಾಲು ಮುರಿದುಹೋಯಿತು ಅಂದೆ. ಗೊತ್ತು ಅಂದಳು. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ನಲ್ಲಿ ನಿಲ್ಲಿಸಿ ಯೋಚಿಸಿದಳು. ಆಮೇಲೆ ಕನ್ನಡದಲ್ಲಿ ಅಂದಳು:

"ಗೊತ್ತಿಲ್ಲ ಅವ್ವಾ. ಆದ್ರ ಪಾಪಾಗ ಅಲ್ಲಿ ಅಡಿಗಿ ಮಾಡ್ಕೊಳ್ಳಾಕ ಬರಂಗಿಲ್ಲ."

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಳಿದ ತಟ್ಟೆ ತೊಳೆದೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10:45

ಸುನಿಲನ ಮೆಸೇಜ್ ಬಂದಿದೆ. ಬೇಸಿಗೆ ಬಟ್ಟೆ, ಶೂ, ಕೆಲವು ಸರ್ಟಿಫಿಕೇಟ್ ಬೇಕಂತೆ. ಹನ್ನೊಂದಕ್ಕೆ ಬರುತ್ತೇನೆ, ಹತ್ತು ನಿಮಿಷ ಸಾಕು ಎಂದು ಬರೆದಿದ್ದಾನೆ. ಪುಣೆಯ ಕಡೆ ಒಂದು ಇಂಟರ್‌ವ್ಯೂ ಇದೆಯಂತೆ. ಹೋಗುತ್ತಾನೋ, ನಾವೂ ಹೋಗಬೇಕೋ, ಅದೇನೂ ಬರೆದಿಲ್ಲ.

ಬಟ್ಟೆ ಮಡಿಸಿ ಸೋಫಾದ ಮೇಲೆ ಇಟ್ಟಿದ್ದೇನೆ. ನೀಲಿ ಶರ್ಟಿನ ಗುಂಡಿ ಬಿದ್ದಿತ್ತು, ಹಚ್ಚಿದೆ. ಹಚ್ಚಿದ ಮೇಲೆ ಸಿಟ್ಟು ಬಂತು. ಬಿಚ್ಚಿ ಹಾಕೋಣ ಅನಿಸಿತು. ಹಾಗೇ ಬಿಟ್ಟೆ. ಭೂಮಿಕಾ ಬೆಳಿಗ್ಗೆಯಿಂದ ಕಿಟಕಿಯಲ್ಲೇ ಕೂತಿದ್ದಾಳೆ.

ಊಟ ಮಾಡಿ ಹೋಗು ಅನ್ನಬೇಕೋ ಬೇಡವೋ. ಹಿಟ್ಟು ಕಲಸಿಟ್ಟಿದ್ದೇನೆ, ಮೂವರಿಗೆ ಆಗುವಷ್ಟು. ಎಂದಿನ ಅಳತೆ, ಕೈ ತಪ್ಪಿ ಕಲಸಿತು—ಹಾಗೆಂದು ಹೇಳಿದರಾಯಿತು. ಅವನು ಕೇಳಿದರೆ. ಕೇಳುವುದಿಲ್ಲ. ನನ್ನ ಕಡೆಯಿಂದ ಒಂದು ಮಾತು ಮಾತ್ರ ಕೇಳಬೇಕಿದೆ, ನಾನು ಬರೆದುಕೊಡಲು ಹೊರಟ ದಿನ ನೀನು ಹೊಸ್ತಿಲಿಗೆ ಅಡ್ಡ ನಿಲ್ಲಲಿಲ್ಲ ಯಾಕೆ ಎಂದು. ಗೊತ್ತಿತ್ತು ಅಂದೆಯಲ್ಲ. ಗೊತ್ತಿದ್ದೂ ಬಿಟ್ಟೆಯೋ, ಅಥವಾ

ಬೆಲ್ ಆಯಿತು. ಕೀ ಇದೆ ಅವನ ಹತ್ತಿರ. ಆದರೂ ಬೆಲ್—